ಪ್ರಾರ್ಥನಾಲಯವೂ ಲೆಕ್ಕದ ಪುಸ್ತಕವೂ: ಅಮೆರಿಕದ ವಿಶ್ವವಿದ್ಯಾಲಯಗಳ ‘ಆತ್ಮ’ವನ್ನು ಕುರಿತ ಎರಡು ಗ್ರಂಥಗಳ ವಿಮರ್ಶೆ

ಅಮೆರಿಕದ ಅತ್ಯಂತ ಹಳೆಯ ವಿದ್ಯಾಪೀಠಗಳು ಕ್ರೈಸ್ತ ವಿಶ್ವಾಸದ ಮಡಿಲಲ್ಲಿ ಹುಟ್ಟಿದವು. 1636ರಲ್ಲಿ ಸ್ಥಾಪನೆಗೊಂಡ ಹಾರ್ವರ್ಡ್, 1701ರ ಯೇಲ್, 1746ರ ಪ್ರಿನ್ಸ್‌ಟನ್ ಇವೆಲ್ಲವೂ ಸುಶಿಕ್ಷಿತ ಬೋಧಕರನ್ನು ಸಿದ್ಧಗೊಳಿಸುವುದನ್ನು ತಮ್ಮ ಮುಖ್ಯ ಉದ್ದೇಶಗಳಲ್ಲಿ ಒಂದೆಂದು ಎಣಿಸಿದ್ದವು. ಇಂದು ಅದೇ ಸಂಸ್ಥೆಗಳಲ್ಲಿ ದೇವರ ಕುರಿತ ಮಾತು ವಿದ್ಯಾರ್ಥಿಯ ಖಾಸಗಿ ವಿಷಯವಾಗಿ, ಇಲ್ಲವೇ ಒಂದು ವಿಭಾಗದ ಅಧ್ಯಯನವಸ್ತುವಾಗಿ ಉಳಿದಿದೆ. ಈ ಪಲ್ಲಟ ಹೇಗೆ ನಡೆಯಿತೆಂಬುದನ್ನು ಸಮಗ್ರವಾಗಿ ವಿವೇಚಿಸಿದ ಗ್ರಂಥ ಜಾರ್ಜ್ ಮಾರ್ಸ್‌ಡೆನ್ ಅವರ ‘ದ ಸೋಲ್ ಆಫ್ ದಿ ಅಮೆರಿಕನ್ ಯೂನಿವರ್ಸಿಟಿ’. 1994ರಲ್ಲಿ ಪ್ರಕಟವಾದ ಇದನ್ನು ಅವರು 2021ರಲ್ಲಿ ಪರಿಷ್ಕರಿಸಿ ಮತ್ತೆ ಹೊರತಂದಿದ್ದಾರೆ. ಕ್ರೈಸ್ತ ಶಿಕ್ಷಣವನ್ನು ಕುರಿತು ಚರ್ಚಿಸುವ ಯಾರೂ ಈ ಗ್ರಂಥವನ್ನು ಬದಿಗಿಡಲಾರರು.

ಆದರೆ ಇದನ್ನು ಒಂಟಿಯಾಗಿ ಓದುವುದು ಸಾಲದು ಎಂಬುದು ನಮ್ಮ ಅಭಿಪ್ರಾಯ. 2023ರಲ್ಲಿ ಪತ್ರಕರ್ತೆ ರೇಚಲ್ ಸ್ವಾರ್ನ್ಸ್ ಅವರ ‘ದ 272’ ಎಂಬ ಗ್ರಂಥ ಹೊರಬಂದಿತು. ಯೇಸುಸಭೆಯ ಮೇರಿಲ್ಯಾಂಡ್ ಪ್ರಾಂತ್ಯವು 1838ರಲ್ಲಿ ತನ್ನ ಒಡೆತನದಲ್ಲಿದ್ದ ಗುಲಾಮರನ್ನು ಮಾರಿ, ಬಂದ ಹಣದ ಒಂದು ಭಾಗದಿಂದ ಜಾರ್ಜ್‌ಟೌನ್ ಕಾಲೇಜನ್ನು ಉಳಿಸಿಕೊಂಡ ಕಥೆ ಅದು. ಮಾರ್ಸ್‌ಡೆನ್ ‘ಆತ್ಮ ಕಳೆದುಹೋದುದು ಹೇಗೆ’ ಎಂದು ಕೇಳುತ್ತಾರೆ. ಸ್ವಾರ್ನ್ಸ್ ಅವರ ಗ್ರಂಥವನ್ನು ಮುಗಿಸಿದ ಓದುಗನಿಗೆ ಅದಕ್ಕೂ ಹಿಂದಿನ ಪ್ರಶ್ನೆಯೊಂದು ಎದುರಾಗುತ್ತದೆ: ಆತ್ಮ ಇದ್ದ ಕಾಲವೆಂದು ನಾವು ಯಾವುದನ್ನು ಕರೆಯುತ್ತಿದ್ದೇವೆ? ಈ ಎರಡು ಪ್ರಶ್ನೆಗಳನ್ನು ಜೊತೆಗಿಟ್ಟು ನೋಡುವುದೇ ಈ ಲೇಖನದ ಉದ್ದೇಶ.

1. ಮಾರ್ಸ್‌ಡೆನ್ ಅವರ ವಾದ

ವಿಶ್ವವಿದ್ಯಾಲಯಗಳಿಂದ ವಿಶ್ವಾಸವನ್ನು ಹೊರದೂಡಿದವರು ನಾಸ್ತಿಕರು ಎಂಬ ತಿಳಿವಳಿಕೆ ಜನಜನಿತ. ಮಾರ್ಸ್‌ಡೆನ್ ಇದನ್ನು ಒಪ್ಪುವುದಿಲ್ಲ. ಅವರು ತೋರಿಸುವಂತೆ ಈ ಕೆಲಸವನ್ನು ಮಾಡಿದವರಲ್ಲಿ ಹೆಚ್ಚಿನವರು ಸ್ವತಃ ಕ್ರೈಸ್ತರು, ಅದರಲ್ಲೂ ಉದಾರ ಮನೋಭಾವದ ಪ್ರೊಟೆಸ್ಟೆಂಟರು. 1869ರಿಂದ 1909ರವರೆಗೆ ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ 1886ರಲ್ಲಿ ಪ್ರಾರ್ಥನಾಲಯದ ಕಡ್ಡಾಯ ಹಾಜರಾತಿಯನ್ನು ಕೈಬಿಟ್ಟಾಗ ತಾವು ಧರ್ಮಕ್ಕೆ ಹಾನಿ ಮಾಡುತ್ತಿದ್ದೇವೆಂದು ಭಾವಿಸಿರಲಿಲ್ಲ. ಬಲವಂತ ತೊಲಗಿದರೆ ಭಕ್ತಿ ಶುದ್ಧವಾಗುವುದೆಂಬ ನಂಬಿಕೆ ಅಲ್ಲಿ ಕೆಲಸ ಮಾಡಿತ್ತು. ಯೇಲ್‌ನಲ್ಲಿ ಇದೇ ಹೆಜ್ಜೆ ಇಡಲು 1926ರವರೆಗೆ ಕಾಯಬೇಕಾಯಿತು.

ಈ ನಡುವೆ ಜರ್ಮನಿಯ ಮಾದರಿಯ ಸಂಶೋಧನಾ ವಿಶ್ವವಿದ್ಯಾಲಯ ಅಮೆರಿಕಕ್ಕೆ ಬಂದಿತು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1876ರ ಆರಂಭೋತ್ಸವದ ಭಾಷಣಕ್ಕೆ ಥಾಮಸ್ ಹಕ್ಸ್‌ಲಿ ಅವರನ್ನು ಕರೆದು, ಪ್ರಾರ್ಥನೆಯಿಲ್ಲದೆಯೇ ಸಮಾರಂಭ ನಡೆಸಿದ್ದು ಆಗ ದೊಡ್ಡ ವಿವಾದವಾಯಿತು. ಹಣಕಾಸಿನ ಒತ್ತಡವೂ ಇತ್ತು. 1905ರಲ್ಲಿ ಸ್ಥಾಪನೆಯಾದ ಕಾರ್ನೆಗಿ ಪ್ರತಿಷ್ಠಾನವು ಕಾಲೇಜು ಅಧ್ಯಾಪಕರಿಗೆ ನಿವೃತ್ತಿವೇತನ ಕೊಡಲು ಮುಂದಾದಾಗ ಸಭೆಗಳ ಅಧೀನದಲ್ಲಿದ್ದ ಕಾಲೇಜುಗಳನ್ನು ಯೋಜನೆಯಿಂದ ಹೊರಗಿಟ್ಟಿತು. ಆ ಸೌಲಭ್ಯಕ್ಕಾಗಿಯೇ ತಮ್ಮ ಸಭೆಗಳೊಡನೆ ಇದ್ದ ಕಾನೂನುಬದ್ಧ ಸಂಬಂಧವನ್ನು ಕಡಿದುಕೊಂಡ ಕಾಲೇಜುಗಳುಂಟು. ಹೀಗೆ ‘ಪಂಥಾತೀತ ಕ್ರೈಸ್ತಧರ್ಮ’ ಎಂಬ ಹೆಸರಿನಲ್ಲಿ ಮೊದಲು ಸಿದ್ಧಾಂತ ಕರಗಿತು, ಬಳಿಕ ಸನ್ನಡತೆ ಮತ್ತು ಲೋಕಸೇವೆ ಮಾತ್ರ ಉಳಿದವು. ಕೊನೆಗೆ ಅವುಗಳಿಗೂ ಕ್ರಿಸ್ತನ ಹೆಸರು ಬೇಕಿಲ್ಲವೆನಿಸಿತು. ಒಂದೊಂದು ಹೆಜ್ಜೆಯನ್ನೂ ಸದುದ್ದೇಶದಿಂದಲೇ ಇಡಲಾಗಿತ್ತು ಎಂಬುದೇ ಈ ಇತಿಹಾಸದ ವಿಪರ್ಯಾಸ.

ಈ ವಿಶ್ಲೇಷಣೆಯಲ್ಲಿ ಕಥೋಲಿಕ ಓದುಗರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ‘ಪಂಥಾತೀತ’ ಎನಿಸಿಕೊಂಡುದು ವಾಸ್ತವದಲ್ಲಿ ಪ್ರೊಟೆಸ್ಟೆಂಟ್ ಬಹುಸಂಖ್ಯಾತರ ಧರ್ಮವೇ ಆಗಿತ್ತು. ಸಾರ್ವಜನಿಕ ಶಾಲೆಗಳಲ್ಲಿ ಕಿಂಗ್ ಜೇಮ್ಸ್ ಬೈಬಲ್ಲನ್ನು ಓದಿಸುವುದು ಸಹಜವೆಂದು ಅವರಿಗೆ ಕಂಡಿತ್ತು. ಐರ್ಲೆಂಡಿನಿಂದ ವಲಸೆ ಬಂದ ಕಥೋಲಿಕರಿಗೆ ಅದು ಹಾಗೆ ಕಾಣಲಿಲ್ಲ. ಬೈಬಲ್ ವಾಚನದ ಈ ವಿವಾದವು ವಲಸಿಗರ ವಿರುದ್ಧದ ದ್ವೇಷದೊಡನೆ ಬೆರೆತು 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಗಲಭೆಯಾಯಿತು, ದೇವಾಲಯಗಳು ಸುಟ್ಟವು. 1884ರ ಮೂರನೇ ಬಾಲ್ಟಿಮೋರ್ ಮಹಾಸಭೆಯು ಪ್ರತಿ ಧರ್ಮಕೇಂದ್ರಕ್ಕೂ ಸ್ವಂತ ಶಾಲೆ ಇರಬೇಕೆಂದು ವಿಧಿಸಿದುದರ ಹಿಂದೆ ಈ ಅನುಭವವಿತ್ತು. 1962 ಮತ್ತು 1963ರಲ್ಲಿ ಸರ್ವೋಚ್ಚ ನ್ಯಾಯಾಲಯ ಸರಕಾರಿ ಶಾಲೆಗಳಲ್ಲಿ ಅಧಿಕೃತ ಪ್ರಾರ್ಥನೆಯನ್ನೂ ಭಕ್ತಿಪೂರ್ವಕ ಬೈಬಲ್ ವಾಚನವನ್ನೂ ನಿಲ್ಲಿಸಿದಾಗ ಕೊನೆಗೊಂಡದ್ದು ಎಲ್ಲರ ಧರ್ಮವೆಂದು ಹೇಳಿಕೊಂಡ ಒಬ್ಬರ ಧರ್ಮ. ಮಾರ್ಸ್‌ಡೆನ್ ಈ ಸತ್ಯವನ್ನು ಮುಚ್ಚಿಡುವುದಿಲ್ಲ. ಹಳೆಯ ವ್ಯವಸ್ಥೆ ಮರಳಿ ಬರಲೆಂದೂ ಅವರು ಬಯಸುವುದಿಲ್ಲ. ನಾನಾ ದೃಷ್ಟಿಕೋನಗಳಿಗೆ ಎಡೆಯಿರುವ ವಿದ್ವತ್ ಲೋಕದಲ್ಲಿ ಕ್ರೈಸ್ತ ದೃಷ್ಟಿಗೂ ಒಂದು ಆಸನವಿರಲಿ ಎಂಬಷ್ಟೇ ಅವರ ಬೇಡಿಕೆ.

2. ನಮ್ಮ ಮನೆಯ ಕಥೆ

ಪ್ರೊಟೆಸ್ಟೆಂಟರಿಗೆ ಸಂಭವಿಸಿದುದು ನಮಗೆ ಸಂಭವಿಸಲಾರದು ಎಂಬ ಭರವಸೆ ಕಥೋಲಿಕರಲ್ಲಿ ಬಹುಕಾಲ ಇತ್ತು. 1955ರಲ್ಲಿ ಮಾನ್ಸಿನ್ಯೋರ್ ಜಾನ್ ಟ್ರೇಸಿ ಎಲ್ಲಿಸ್ ಅಮೆರಿಕದ ಕಥೋಲಿಕರ ಬೌದ್ಧಿಕ ಬಡತನವನ್ನು ನಿಷ್ಠುರವಾಗಿ ಎತ್ತಿ ತೋರಿಸಿದ ಮೇಲೆ ಆ ಭರವಸೆ ಅಲುಗಾಡಿತು. 1967ರಲ್ಲಿ ನೋತ್ರ್ ದಾಮ್ ವಿಶ್ವವಿದ್ಯಾಲಯದ ಅಧ್ಯಕ್ಷ ಫಾದರ್ ಥಿಯೊಡೋರ್ ಹೆಸ್‌ಬರ್ಗ್ ಅವರ ನೇತೃತ್ವದಲ್ಲಿ ಲ್ಯಾಂಡ್ ಓ ಲೇಕ್ಸ್ ಎಂಬಲ್ಲಿ ಸೇರಿದ ಶಿಕ್ಷಣ ಮುಖಂಡರು, ಕಥೋಲಿಕ ವಿಶ್ವವಿದ್ಯಾಲಯಕ್ಕೆ ಹೊರಗಿನ ಯಾವುದೇ ಅಧಿಕಾರದಿಂದ ಸ್ವಾಯತ್ತತೆ ಬೇಕೆಂದು ಸಾರಿದರು. ಅದೇ ವರ್ಷ ನೋತ್ರ್ ದಾಮ್‌ನ ಆಡಳಿತ ಶ್ರೀಸಾಮಾನ್ಯ ವಿಶ್ವಾಸಿಗಳು ಬಹುಸಂಖ್ಯೆಯಲ್ಲಿದ್ದ ಮಂಡಳಿಯ ಕೈಗೆ ಹೋಯಿತು. ಪೂಜ್ಯ ಜೇಮ್ಸ್ ಬರ್ಚೆಲ್ 1998ರಲ್ಲಿ ಬರೆದ ‘ದ ಡೈಯಿಂಗ್ ಆಫ್ ದ ಲೈಟ್’ ಗ್ರಂಥದಲ್ಲಿ ಏಳು ಕ್ರೈಸ್ತ ಪರಂಪರೆಗಳ 17 ಕಾಲೇಜುಗಳ ಚರಿತ್ರೆಯನ್ನು ಜಾಲಾಡಿ, ಎಲ್ಲೆಡೆ ಬೆಳಕು ಆರುತ್ತಿದೆಯೆಂದು ತೀರ್ಪಿತ್ತರು. ಜಗದ್ಗುರು ಎರಡನೇ ಜಾನ್ ಪಾಲ್ 1990ರಲ್ಲಿ ಹೊರಡಿಸಿದ ‘ಎಕ್ಸ್ ಕೋರ್ದೆ ಎಕ್ಲೇಸಿಯೆ’ ಪ್ರೇಷಿತ ಸಂವಿಧಾನವನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು.

ಈ ಎಲ್ಲ ಚರ್ಚೆಗಳೂ ಅಗತ್ಯವಾದವು. ಆದರೆ ಅವೆಲ್ಲಕ್ಕೂ ಸಮಾನವಾದ ಒಂದು ಅಳತೆಗೋಲಿದೆ: ಪ್ರಾರ್ಥನಾಲಯ ತುಂಬಿದೆಯೇ, ದೈವಶಾಸ್ತ್ರ ಕಡ್ಡಾಯವೇ, ಅಧ್ಯಕ್ಷರು ಗುರುಗಳೇ, ಸಂಸ್ಥೆಯ ಸನದಿನಲ್ಲಿ ಧರ್ಮಸಭೆಯ ಹೆಸರಿದೆಯೇ? ಈ ಅಳತೆಗೋಲನ್ನು ಹಿಡಿದು 1838ರ ಜಾರ್ಜ್‌ಟೌನನ್ನು ಅಳೆದು ನೋಡಬೇಕು.

3. 1838

ಜಾನ್ ಕ್ಯಾರಲ್ 1789ರಲ್ಲಿ ಸ್ಥಾಪಿಸಿದ ಜಾರ್ಜ್‌ಟೌನ್ ಅಮೆರಿಕದ ಮೊದಲ ಕಥೋಲಿಕ ಕಾಲೇಜು. ಮೇಲಿನ ಯಾವ ಪರೀಕ್ಷೆಯಲ್ಲಿಯೂ ಅದು ಸೋಲುವಂತಿರಲಿಲ್ಲ. ಅಧ್ಯಕ್ಷರು ಗುರುಗಳು, ಅಧ್ಯಾಪಕರಲ್ಲಿ ಸನ್ಯಾಸಿಗಳು, ದಿನಚರಿಯಲ್ಲಿ ಬಲಿಪೂಜೆ. ಕಾಲೇಜಿಗೆ ಆಸರೆಯಾಗಿದ್ದುದು ಮೇರಿಲ್ಯಾಂಡಿನಲ್ಲಿದ್ದ ಯೇಸುಸಭೆಯ ಜಮೀನುಗಳು. ಆ ಜಮೀನುಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಅವರಲ್ಲಿ ಬಹುಮಂದಿ ಅದೇ ಗುರುಗಳಿಂದ ಸ್ನಾನದೀಕ್ಷೆ ಪಡೆದ ಕಥೋಲಿಕರು.

ಕಟ್ಟಡಗಳಿಗಾಗಿ ಮಾಡಿದ ಸಾಲ ಬೆಳೆದಾಗ ಪ್ರಾಂತ್ಯಾಧಿಕಾರಿ ಥಾಮಸ್ ಮಲ್ಲೆಡಿ 272 ಮಂದಿಯನ್ನು ಲೂಯಿಸಿಯಾನಾದ ಹೆನ್ರಿ ಜಾನ್ಸನ್ ಮತ್ತು ಜೆಸ್ಸಿ ಬೇಟಿ ಎಂಬ ತೋಟಗಾರರಿಗೆ 1,15,000 ಡಾಲರಿಗೆ ಮಾರಲು ಒಪ್ಪಂದ ಮಾಡಿಕೊಂಡರು. ರೋಮಿನಲ್ಲಿದ್ದ ಮಹಾಶ್ರೇಷ್ಠರಾದ ಯಾನ್ ರೋಥಾನ್ ಇದಕ್ಕೆ ಷರತ್ತುಗಳನ್ನು ವಿಧಿಸಿದ್ದರು: ಕುಟುಂಬಗಳನ್ನು ಒಡೆಯಬಾರದು, ಅವರ ಧರ್ಮಾಚರಣೆಗೆ ಅವಕಾಶವಿರಬೇಕು, ಬಂದ ಹಣವನ್ನು ಸಾಲ ತೀರಿಸಲು ಬಳಸಬಾರದು. ಈ ಷರತ್ತುಗಳು ಕಾಗದದಲ್ಲಿಯೇ ಉಳಿದವು. ಮೊದಲ ಕಂತಾಗಿ ಬಂದ 25,000 ಡಾಲರಿನಲ್ಲಿ ಸುಮಾರು 17,000 ಡಾಲರ್ ಕಾಲೇಜಿನ ಸಾಲಕ್ಕೇ ಹೋಯಿತು.

ಸ್ವಾರ್ನ್ಸ್ ಅವರ ಗ್ರಂಥದ ಹಿರಿಮೆಯಿರುವುದು ಈ ಅಂಕಿಗಳ ಹಿಂದಿನ ಮನುಷ್ಯರನ್ನು ಹೆಸರಿಟ್ಟು ಕರೆಯುವುದರಲ್ಲಿ. ಮಹೋನಿ ಕುಟುಂಬದ ಹಲವು ತಲೆಮಾರುಗಳನ್ನು ಅವರು ಹಿಂಬಾಲಿಸುತ್ತಾರೆ. ತಮ್ಮ ಮೂಲ ಅಜ್ಜಿ ಗುಲಾಮಳಾಗಿರಲಿಲ್ಲ, ಕರಾರಿನ ಸೇವಕಿಯಾಗಿದ್ದಳು ಎಂದು ಆ ಕುಟುಂಬದವರು 1790ರ ದಶಕದಲ್ಲಿ ಗುರುವೊಬ್ಬರ ವಿರುದ್ಧ ನ್ಯಾಯಾಲಯದಲ್ಲಿ ವಾದಿಸಿದ್ದರು. 1812ರಲ್ಲಿ ಆರಂಭವಾದ ಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರಿಂದ ಧರ್ಮಸಭೆಯ ಹಣವನ್ನು ಕಾಪಾಡಿದ್ದಕ್ಕಾಗಿ ಹ್ಯಾರಿ ಮಹೋನಿಯ ಕುಟುಂಬವನ್ನು ಎಂದಿಗೂ ಮಾರುವುದಿಲ್ಲವೆಂಬ ವಚನ ದೊರೆತಿತ್ತೆಂದು ವಂಶದವರ ನೆನಪು. 1838ರಲ್ಲಿ ಆ ವಚನವೂ ನಿಲ್ಲಲಿಲ್ಲ. ಅವನ ಒಬ್ಬ ಮಗಳು ಕಾಡಿಗೆ ಓಡಿ ಅಡಗಿ ಉಳಿದುಕೊಂಡಳು. ಇನ್ನೊಬ್ಬಳು ದಕ್ಷಿಣಕ್ಕೆ ಸಾಗಿಹೋದಳು.

ಇದು ಕೆಲವರ ವೈಯಕ್ತಿಕ ದೌರ್ಬಲ್ಯವೆಂದು ಹೇಳಿ ಮುಗಿಸಲು ಸಾಧ್ಯವಿಲ್ಲ. ಅಂದಿನ ನೀತಿಶಾಸ್ತ್ರವೇ ಇದಕ್ಕೆ ಎಡೆಮಾಡಿತ್ತು. ಜಗದ್ಗುರು ಹದಿನಾರನೇ ಗ್ರೆಗರಿ 1839ರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿದಾಗ, ಚಾರ್ಲ್ಸ್‌ಟನ್ನಿನ ಧರ್ಮಾಧ್ಯಕ್ಷ ಜಾನ್ ಇಂಗ್ಲೆಂಡ್ ಆ ಖಂಡನೆ ಆಫ್ರಿಕದಿಂದ ಜನರನ್ನು ಹಿಡಿದು ತರುವ ವ್ಯಾಪಾರಕ್ಕೆ ಮಾತ್ರ ಅನ್ವಯಿಸುತ್ತದೆ, ದೇಶದೊಳಗಿನ ಗುಲಾಮಗಿರಿಗೆ ಅಲ್ಲವೆಂದು ಬರೆದರು. 1840ರ ದಶಕದಲ್ಲಿ ಗುರುಮಠಗಳಿಗಾಗಿ ನೀತಿಶಾಸ್ತ್ರದ ಪಠ್ಯ ಬರೆದ ಧರ್ಮಾಧ್ಯಕ್ಷ ಫ್ರಾನ್ಸಿಸ್ ಕೆನ್ರಿಕ್ ಗುಲಾಮರ ಸ್ಥಿತಿಗೆ ಮರುಗಿದರೂ ಇರುವ ಕಾನೂನನ್ನು ಮೀರಬಾರದೆಂಬ ನಿಲುವನ್ನು ತಳೆದರು. ಗುರುಮಠದಲ್ಲಿ ಪಾಠ ಹೇಳುವ ನಮ್ಮನ್ನು ಹೆಚ್ಚು ಕಾಡುವುದು ಇದೇ. ಆತ್ಮಸಾಕ್ಷಿಗೆ ಪಾಠ ಕಲಿಸಬೇಕಾದ ಪುಸ್ತಕವೇ ಅದನ್ನು ಸಮಾಧಾನಪಡಿಸಿ ಮಲಗಿಸಿತು.

ಜಾರ್ಜ್‌ಟೌನ್ ಇದರಲ್ಲಿ ಒಂಟಿಯಲ್ಲ. ಕ್ರೇಗ್ ವೈಲ್ಡರ್ 2013ರ ‘ಎಬನಿ ಅಂಡ್ ಐವಿ’ ಗ್ರಂಥದಲ್ಲಿ ತೋರಿಸಿದಂತೆ ಹಳೆಯ ಕಾಲೇಜುಗಳಲ್ಲಿ ಹೆಚ್ಚಿನವು ಗುಲಾಮಗಿರಿಯ ಸಂಪತ್ತಿನೊಡನೆ ಹೆಣೆದುಕೊಂಡಿದ್ದವು. 1862ರ ಮೊರಿಲ್ ಕಾಯಿದೆಯ ಬಲದಿಂದ ಎದ್ದ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ದೊರೆತ ಸುಮಾರು ಒಂದು ಕೋಟಿ ಎಕರೆಗೂ ಮಿಕ್ಕಿದ ಭೂಮಿ ಮೂಲನಿವಾಸಿ ಜನಾಂಗಗಳಿಂದ ಬಂದದ್ದು. ಯೇಲ್‌ಗೆ ಆ ಹೆಸರು ಬರಲು ಕಾರಣ 1718ರಲ್ಲಿ ಎಲಿಹು ಯೇಲ್ ಕಳುಹಿಸಿದ ಪುಸ್ತಕಗಳು ಮತ್ತು ಒಂಬತ್ತು ಗಂಟು ಸರಕು. ಆತ ಐಶ್ವರ್ಯ ಗಳಿಸಿದ್ದು ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದಾಗ.

ಮಾರ್ಸ್‌ಡೆನ್ ಅವರ ವಾದದ ಕೇಂದ್ರಕ್ಕೆ ಈ ಸಂಗತಿಗಳು ಬರುವುದಿಲ್ಲ. ವಿಚಾರಗಳ ಇತಿಹಾಸವನ್ನು ಬರೆಯುವವರು ಎಲ್ಲವನ್ನೂ ಬರೆಯಬೇಕೆಂದಿಲ್ಲ, ನಿಜ. ಆದರೆ ‘ಆತ್ಮ’ ಎಂಬ ಪದವನ್ನು ಶೀರ್ಷಿಕೆಯಲ್ಲಿಟ್ಟ ಮೇಲೆ ದೇಹದ ಲೆಕ್ಕವನ್ನೂ ಕೊಡಬೇಕಾಗುತ್ತದೆ. ಆತ್ಮವು ದೇಹದ ರೂಪತತ್ತ್ವವೆಂದು ಸಂತ ಥಾಮಸ್ ಅಕ್ವಿನಾಸರಿಂದ ಕಲಿತ ನಮಗಂತೂ, ಭೂಮಿ, ಸಾಲ, ದುಡಿಮೆ, ಪ್ರವೇಶದ ನಿಯಮ ಇವುಗಳನ್ನು ಬಿಟ್ಟು ಒಂದು ಸಂಸ್ಥೆಯ ಆತ್ಮವನ್ನು ಮಾತ್ರ ಬೇರೆಯಾಗಿ ಪರೀಕ್ಷಿಸಲು ಬಾರದು.

4. ಪ್ರಸಂಗಪೀಠದಿಂದ ಬಂದ ಬದಲಾವಣೆ

ಹಾಗಾದರೆ ವಿಶ್ವಾಸವು ಈ ಸಂಸ್ಥೆಗಳಲ್ಲಿ ಏನನ್ನೂ ಮಾಡಲಿಲ್ಲವೇ? ಹಾಗೆ ಹೇಳುವುದು ಅನ್ಯಾಯವಾದೀತು. 1944ರ ಫೆಬ್ರವರಿ 11ರಂದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಲಿಪೂಜೆಯಲ್ಲಿ ಯೇಸುಸಭೆಯ ಫಾದರ್ ಕ್ಲಾಡ್ ಹೈಟ್‌ಹೌಸ್ ಮಾಡಿದ ಪ್ರಸಂಗ ಇದಕ್ಕೆ ಸಾಕ್ಷಿ. ಕ್ರಿಸ್ತನ ದೇಹವನ್ನು ಒಂದೇ ಪಂಕ್ತಿಯಲ್ಲಿ ಸ್ವೀಕರಿಸುವವರನ್ನು ತರಗತಿಯ ಬಾಗಿಲಲ್ಲಿ ತಡೆಯುವುದು ಹೇಗೆ ಸಾಧ್ಯ ಎಂಬ ಪ್ರಶ್ನೆಯೇ ಅವರ ಮಾತಿನ ತಿರುಳು. ಕರಿಯರಿಗೆ ಮಾಡಿದ ಅನ್ಯಾಯಕ್ಕಾಗಿ ಎದ್ದು ನಿಂತು ಕ್ಷಮೆ ಬೇಡಬೇಕೆಂದು ಅವರು ವಿದ್ಯಾರ್ಥಿಗಳನ್ನು ಕೇಳಿದರು; ವಿದ್ಯಾರ್ಥಿಗಳು ಎದ್ದು ನಿಂತರು. ಅದೇ ವರ್ಷದ ಬೇಸಿಗೆಯಲ್ಲಿ ಐವರು ಕರಿಯ ವಿದ್ಯಾರ್ಥಿಗಳಿಗೆ ಪ್ರವೇಶ ದೊರೆಯಿತು. ಸಾರ್ವಜನಿಕ ಶಾಲೆಗಳಲ್ಲಿ ವರ್ಣಭೇದ ಅಸಿಂಧುವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಇದಾಗಿ ಹತ್ತು ವರ್ಷಗಳ ಮೇಲೆ, 1954ರಲ್ಲಿ. ಪ್ರವೇಶ ಕೊಟ್ಟ ಮೇಲೂ ಸಾಮಾಜಿಕ ಕೂಟಗಳಲ್ಲಿ ಭೇದ ಮುಂದುವರಿದುದನ್ನು ಹೈಟ್‌ಹೌಸ್ ಟೀಕಿಸಿದಾಗ ಅವರನ್ನು ಅಲ್ಲಿಂದ ಬೇರೆಡೆಗೆ ಕಳುಹಿಸಲಾಯಿತು ಎಂಬುದನ್ನೂ ಮರೆಯಬಾರದು.

ಈ ಪ್ರಸಂಗದಲ್ಲಿ ಮಾರ್ಸ್‌ಡೆನ್ ಅವರ ಪರವಾದ ಸಾಕ್ಷ್ಯವೂ ಇದೆ, ವಿರುದ್ಧವಾದದ್ದೂ ಇದೆ. ಬಲಿಪೀಠ ಇದ್ದುದರಿಂದಲೇ ಅಲ್ಲಿಂದ ಆ ಮಾತು ಹೊರಡಲು ಸಾಧ್ಯವಾಯಿತು. ಆದರೆ ಅದೇ ಬಲಿಪೀಠದ ಮುಂದೆ ಅದಕ್ಕೆ ಮೊದಲು ಎಷ್ಟೋ ದಶಕಗಳು ಮೌನವಾಗಿ ಕಳೆದಿದ್ದವು.

5. ಪಶ್ಚಾತ್ತಾಪದ ಮೂರು ಅಂಗಗಳು

ಇತ್ತೀಚಿನ ಎರಡು ದಶಕಗಳಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ಹಿಂದಿನ ಪಾಪವನ್ನು ತಾವೇ ಶೋಧಿಸಲು ತೊಡಗಿವೆ. ಇದರಲ್ಲಿ ಮುಂದಾಳತ್ವ ವಹಿಸಿದ್ದು ಬ್ಯಾಪ್ಟಿಸ್ಟರು 1764ರಲ್ಲಿ ಸ್ಥಾಪಿಸಿದ, ಈಗ ಯಾವ ಸಭೆಗೂ ಸೇರದ ಬ್ರೌನ್ ವಿಶ್ವವಿದ್ಯಾಲಯ. ಅಧ್ಯಕ್ಷೆ ರೂತ್ ಸಿಮನ್ಸ್ 2003ರಲ್ಲಿ ನೇಮಿಸಿದ ಸಮಿತಿ 2006ರಲ್ಲಿ ವರದಿ ನೀಡಿತು. ಜಾರ್ಜ್‌ಟೌನ್ ಇಂಥದೇ ಕಾರ್ಯತಂಡವನ್ನು ನೇಮಿಸಿದ್ದು 2015ರಲ್ಲಿ. ಮಾರ್ಸ್‌ಡೆನ್ ಅವರ ಅಳತೆಗೋಲಿನ ಪ್ರಕಾರ ಆತ್ಮವನ್ನು ಕಳೆದುಕೊಂಡ ಸಂಸ್ಥೆ, ಅದನ್ನು ಉಳಿಸಿಕೊಂಡ ಸಂಸ್ಥೆಗಿಂತ ಹನ್ನೆರಡು ವರ್ಷ ಮೊದಲೇ ಎಚ್ಚರಗೊಂಡಿತು. ಈ ವಾಸ್ತವವನ್ನು ನಾವು ತಲೆಬಾಗಿ ಒಪ್ಪಿಕೊಳ್ಳಬೇಕು.

ಆದರೂ ಜಾರ್ಜ್‌ಟೌನಿನಲ್ಲಿ ಬಳಿಕ ನಡೆದುದಕ್ಕೆ ಬೇರೆಯೇ ಒಂದು ಸ್ವರೂಪವಿತ್ತು. 2015ರ ನವೆಂಬರಿನಲ್ಲಿ ವಿದ್ಯಾರ್ಥಿಗಳು ಪ್ರತಿಭಟಿಸಿದ ಬಳಿಕ ಮಲ್ಲೆಡಿಯ ಹೆಸರು ಕಟ್ಟಡದಿಂದ ಇಳಿಯಿತು. ಮಾರಾಟದ ಪಟ್ಟಿಯಲ್ಲಿ ಮೊದಲನೆಯವನಾದ ಐಸಾಕ್ ಹಾಕಿನ್ಸ್‌ನ ಹೆಸರು 2017ರಲ್ಲಿ ಅಲ್ಲಿಗೆ ಬಂದಿತು. ಆ ಏಪ್ರಿಲ್ 18ರಂದು ವಂಶಜರ ಸಮ್ಮುಖದಲ್ಲಿ ನಡೆದ ಪಶ್ಚಾತ್ತಾಪದ ಆರಾಧನಾವಿಧಿಯಲ್ಲಿ ಅಮೆರಿಕದ ಯೇಸುಸಭೆಯ ಪರವಾಗಿ ಫಾದರ್ ತಿಮೊತಿ ಕೆಸಿಕಿ ಕ್ಷಮೆ ಬೇಡಿದರು. ಆಡಳಿತದ ಭಾಷೆಯಲ್ಲಿ ‘ವಿಷಾದ’ ಎಂಬ ಪದವಿದೆ, ನ್ಯಾಯಾಲಯದ ಭಾಷೆಯಲ್ಲಿ ‘ಪರಿಹಾರ’ ಎಂಬುದಿದೆ. ‘ಪಾಪ ಮಾಡಿದ್ದೇವೆ’ ಎಂಬ ಮಾತನ್ನು ಆಡಲು ಮಾತ್ರ ವಿಶ್ವಾಸದ ಭಾಷೆಯೇ ಬೇಕು. ವಿಶ್ವವಿದ್ಯಾಲಯಗಳು ಆ ಭಾಷೆಯನ್ನು ಕಳೆದುಕೊಳ್ಳಬಾರದೆಂಬ ಮಾರ್ಸ್‌ಡೆನ್ ಅವರ ಕಳಕಳಿ ಸಾರ್ಥಕವಾಗುವುದು ಇಲ್ಲಿ.

ಆದರೆ ಆ ಭಾಷೆಯನ್ನು ಬಳಸುವವರು ಅದರ ವ್ಯಾಕರಣಕ್ಕೂ ಬದ್ಧರು. ಧರ್ಮಸಭೆಯ ಬೋಧನೆಯಂತೆ ಪಶ್ಚಾತ್ತಾಪಿಯ ಕಾರ್ಯಗಳು ಮೂರು: ಮನಸ್ತಾಪ, ಪಾಪನಿವೇದನೆ, ಪ್ರಾಯಶ್ಚಿತ್ತ. ಮೊದಲೆರಡು ಜಾರ್ಜ್‌ಟೌನಿನಲ್ಲಿ ಸಾರ್ವಜನಿಕವಾಗಿ ನಡೆದವು. ಮೂರನೆಯದು ಇನ್ನೂ ನಡೆಯುತ್ತಿದೆ. ವಂಶಜರಿಗೆ ಪ್ರವೇಶದಲ್ಲಿ ಆದ್ಯತೆ ಕೊಡುವುದಾಗಿ 2016ರಲ್ಲಿ ಘೋಷಣೆಯಾಯಿತು. 2019ರಲ್ಲಿ ವಿದ್ಯಾರ್ಥಿಗಳೇ ಪ್ರತಿ ಸೆಮಿಸ್ಟರಿಗೆ 27.20 ಡಾಲರ್ ಶುಲ್ಕವನ್ನು ತಮ್ಮ ಮೇಲೆ ವಿಧಿಸಿಕೊಳ್ಳಲು ಸುಮಾರು ಮೂರನೇ ಎರಡು ಭಾಗದ ಬಹುಮತದಿಂದ ಒಪ್ಪಿದರು. ಆಡಳಿತವು ಶುಲ್ಕದ ಬದಲು ದೇಣಿಗೆಯ ಮಾರ್ಗವನ್ನು ಆರಿಸಿಕೊಂಡಿತು. 2021ರಲ್ಲಿ ಯೇಸುಸಭೆ ವಂಶಜರೊಡನೆ ಸೇರಿ ಸ್ಥಾಪಿಸಿದ ಪ್ರತಿಷ್ಠಾನಕ್ಕೆ 10 ಕೋಟಿ ಡಾಲರ್ ಕೂಡಿಸುವ ವಾಗ್ದಾನ ಮಾಡಿತು. ಲೂಕನ ಶುಭಸಂದೇಶದ ಜಕ್ಕಾಯನು ಯೇಸುವಿನ ಮುಂದೆ ನಿಂತು ತನ್ನ ಲೆಕ್ಕದ ಪುಸ್ತಕವನ್ನೇ ತೆರೆದಿಟ್ಟವನು. ಯೇಸು ಆ ಮನೆಗೆ ರಕ್ಷಣೆಯನ್ನು ಸಾರಿದ್ದು ಆ ಮಾತು ಮುಗಿದ ಮೇಲೆ. ಆ ಕ್ರಮವನ್ನು ಬದಲಿಸುವ ಅಧಿಕಾರ ಯಾವ ಸಂಸ್ಥೆಗೂ ಇಲ್ಲ.

6. ಎರಡು ಗ್ರಂಥಗಳ ತೂಕ

ಸ್ವಾರ್ನ್ಸ್ ಅವರ ಗ್ರಂಥಕ್ಕೂ ಮಿತಿಯುಂಟು. ಗುರುಗಳು ಏನು ಮಾಡಿದರೆಂಬುದನ್ನು ಅದು ನಿಖರವಾಗಿ ಹೇಳುತ್ತದೆ. ಅವರ ದೈವಶಾಸ್ತ್ರ ಅದಕ್ಕೆ ಹೇಗೆ ಅವಕಾಶ ಕೊಟ್ಟಿತೆಂಬ ಶೋಧ ಅದರ ಮುಖ್ಯ ಕಾಳಜಿಯಲ್ಲ. ಪತ್ರಕರ್ತೆಯೊಬ್ಬರ ಗ್ರಂಥದಿಂದ ಅದನ್ನು ಅಪೇಕ್ಷಿಸುವುದೂ ಸರಿಯಲ್ಲ. ಆ ಕೆಲಸ ನಮ್ಮಂಥವರದು. ಮಾರ್ಸ್‌ಡೆನ್ ಅವರಿಂದ ನಾವು ಕಲಿಯಬೇಕಾದುದು ಇಷ್ಟು: ವಿಶ್ವಾಸವನ್ನು ಎಲ್ಲರಿಗೂ ಒಪ್ಪಿತವಾಗುವಂತೆ ತೆಳುಮಾಡುತ್ತ ಹೋದರೆ ಕೊನೆಗೆ ಪಾಪವನ್ನು ಪಾಪವೆನ್ನಲು ಮಾತೇ ಉಳಿಯುವುದಿಲ್ಲ. ಸ್ವಾರ್ನ್ಸ್ ಅವರಿಂದ ಕಲಿಯಬೇಕಾದುದು: ವಿಶ್ವಾಸ ತೆಳುವಾಗದೆ ಗಟ್ಟಿಯಾಗಿದ್ದಾಗಲೂ ಅದು ಸಂಸ್ಥೆಯ ಲೆಕ್ಕದ ಪುಸ್ತಕದವರೆಗೆ ತಲುಪದೇ ಇರಬಹುದು.

ಆದುದರಿಂದ ಕ್ರೈಸ್ತ ವಿದ್ಯಾಸಂಸ್ಥೆಯ ಆತ್ಮವನ್ನು ಗುರುತಿಸುವುದು ಹೇಗೆಂದು ನಮ್ಮ ವಿದ್ಯಾರ್ಥಿಗಳು ಕೇಳಿದರೆ, ಪ್ರಾರ್ಥನಾಲಯದಲ್ಲಿ ಹೇಳುವ ಮಾತಿಗೆ ಕಚೇರಿಯ ಕಡತವನ್ನು ತಿದ್ದುವ ಶಕ್ತಿ ಇದೆಯೇ ಎಂದು ನೋಡಿರಿ ಎನ್ನುವೆವು. ಪ್ರವೇಶ ಯಾರಿಗೆ, ದುಡಿಮೆ ಯಾರದು, ಕೂಲಿ ಎಷ್ಟು, ಭೂಮಿ ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಳು ಆರ್ಥಿಕ ಸಮಿತಿಗೆ ಮಾತ್ರ ಸೇರಿದವಲ್ಲ. ನಮ್ಮ ನಾಡಿನಲ್ಲಿ ಕಾಲೇಜು, ಆಸ್ಪತ್ರೆ, ಶಾಲೆಗಳ ಹೊಣೆ ಹೊರಲಿರುವ ಗುರುವಿದ್ಯಾರ್ಥಿಗಳು ಅವನ್ನು ದೈವಶಾಸ್ತ್ರದ ಪ್ರಶ್ನೆಗಳೆಂದೇ ಕಲಿಯಬೇಕು.

ಕೊನೆಯದಾಗಿ ಒಂದು ಸಂಗತಿ. ಮಾರಾಟವಾದವರ ವಂಶಜರು ತಮ್ಮ ಪೂರ್ವಿಕರನ್ನು ಗುರುತಿಸಲು ನೆರವಾದ ದಾಖಲೆಗಳಲ್ಲಿ ಮಾರಾಟದ ಪಟ್ಟಿಯೊಂದಿಗೆ ಸ್ನಾನದೀಕ್ಷೆ ಮತ್ತು ವಿವಾಹದ ದಫ್ತರಗಳೂ ಇದ್ದವು. ಯೇಸುಸಭೆಯ ಗುರುಗಳು ಆ ಜನರನ್ನು ಒಂದು ಪುಸ್ತಕದಲ್ಲಿ ದೇವರ ಮಕ್ಕಳೆಂದು ಬರೆದಿಟ್ಟರು, ಇನ್ನೊಂದರಲ್ಲಿ ಸ್ವತ್ತೆಂದು ಬರೆದಿಟ್ಟರು. ಮೊದಲನೆಯ ಪುಸ್ತಕದಲ್ಲಿ ಬರೆದುದು ನಿಜವೆಂದು ಇಂದು ಆ ವಂಶಜರು ನಮಗೆ ನೆನಪಿಸುತ್ತಿದ್ದಾರೆ. ಅವರಲ್ಲಿ ಅನೇಕರು ಈಗಲೂ ಕಥೋಲಿಕರು.